ಚೌಕ ತೂತು ತೋಡುವ ಯಂತ್ರ: ಮಾರ್ಟೈಸರ್ ಹೊಂದಿಸುವುದರಿಂದ ಸ್ಟೂಲು ಕೂಡಿಸುವವರೆಗೆ

ಕಲಘಟಗಿ ತೊಟ್ಟಿಲು ನೋಡಿದ್ದೀರಲ್ವಾ? ನಮ್ಮ ಮನೆಯಲ್ಲೂ ಒಂದಿದೆ. ಅದರಲ್ಲಿ ಅಪ್ಪ ಮಲಗಿದ್ದರು, ನಾನು ಮಲಗಿದ್ದೆ, ಈಗ ತಂಗಿಯ ಮಗು ಮಲಗುತ್ತಿದೆ. ಬಣ್ಣ ಅಲ್ಲಲ್ಲಿ ಮಾಸಿದೆ. ಆದರೆ ಮೂಲೆ ಹಿಡಿದು ಎಷ್ಟು ಅಲ್ಲಾಡಿಸಿದರೂ ಒಂದು ಕೂದಲಿನಷ್ಟೂ ಜರುಗುವುದಿಲ್ಲ. ಮೊಳೆ, ಸ್ಕ್ರೂ ಯಾವುದೂ ಕಾಣುವುದಿಲ್ಲ. ಒಂದು ಕಟ್ಟಿಗೆಯಲ್ಲಿ ಚೌಕದ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಿಗೆ. ಅಷ್ಟೇ.

ನಮ್ಮ ಕಡೆ ಇದು ತೊಟ್ಟಿಲಿಗೆ ಮಾತ್ರ ಸೀಮಿತವಾದ ವಿದ್ಯೆ ಅಲ್ಲ. ಬಾಗಿಲು ಚೌಕಟ್ಟು, ಚಕ್ಕಡಿ ಗಾಲಿಯ ಅರ, ಕೂರಿಗೆಯ ದಿಂಡಿಗೆ ತಾಳು ಕೂರಿಸುವುದು, ಎಲ್ಲ ಇದೇ ತೂತು ಮತ್ತು ನಾಲಿಗೆಯ ಕೆಲಸ. ಇಂಗ್ಲಿಷಿನಲ್ಲಿ ತೂತಿಗೆ ಮಾರ್ಟೈಸ್, ನಾಲಿಗೆಗೆ ಟೆನನ್ ಅನ್ನುತ್ತಾರೆ. ನಾನು ತೂತು, ನಾಲಿಗೆ ಅಂತಲೇ ಬರೆಯುತ್ತೇನೆ.

ಬಡಿಗೇರರು ಈ ತೂತನ್ನು ಉಳಿ ಮತ್ತು ಕೊಡತಿ ಹಿಡಿದು ತೋಡುತ್ತಾರೆ. ಅವರ ಕೈಗೆ ವರ್ಷಗಳ ರೂಢಿ ಇದೆ. ವಾರಕ್ಕೊಂದು ಭಾನುವಾರ ಹಿತ್ತಲಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಆ ರೂಢಿ ಇಲ್ಲ. ಒಂದು ತೂತು ಚೆನ್ನಾಗಿ ಬಂದರೆ ಮುಂದಿನದು ಸೊಟ್ಟ ಆಗುತ್ತದೆ. ಮಾರ್ಟೈಸಿಂಗ್ ಯಂತ್ರ ಇಲ್ಲೇ ನೆರವಿಗೆ ಬರುತ್ತದೆ. ಆದರೆ ಯಂತ್ರ ತಂದ ದಿನವೇ ಚೆಂದದ ತೂತು ಬರುವುದಿಲ್ಲ. ಒಂದು ತೂತು ತೋಡಲು ಹಿಡಿಯುವುದು ಒಂದೆರಡು ನಿಮಿಷ. ಅದಕ್ಕೂ ಮೊದಲು ಯಂತ್ರ ಹೊಂದಿಸಲು 20 ನಿಮಿಷ ಬೇಕು. ಕೆಲಸ ಕೂಡುವುದೂ ಕೆಡುವುದೂ ಆ 20 ನಿಮಿಷದಲ್ಲೇ. ಅದಕ್ಕೇ ಈ ಬರಹದಲ್ಲಿ ಹೊಂದಿಸುವ ಭಾಗವೇ ಜಾಸ್ತಿ ಇದೆ.

ಯಂತ್ರದೊಳಗೆ ಏನಿದೆ

ದುಂಡಗೆ ತಿರುಗುವ ಬಿಟ್ ಚೌಕದ ತೂತು ಹೇಗೆ ತೋಡುತ್ತದೆ? ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಸರಳ. ಇಲ್ಲಿ ಎರಡು ಹತಾರ ಒಂದರೊಳಗೊಂದು ಇವೆ. ಹೊರಗೆ ಚೌಕಾಕಾರದ ಟೊಳ್ಳು ಉಳಿ. ಅದರ ತುದಿಯ ನಾಲ್ಕೂ ಅಂಚು ಹರಿತ. ಒಳಗೆ ಬೈರಿಗೆಯಂತೆ ಸುರುಳಿ ಇರುವ ಬಿಟ್. ಉಳಿ ತಿರುಗುವುದಿಲ್ಲ, ಬಿಟ್ ಮಾತ್ರ ತಿರುಗುತ್ತದೆ. ಹಿಡಿಕೆ ಒತ್ತಿದಾಗ ಬಿಟ್ ನಡುವಿನ ಕಟ್ಟಿಗೆಯನ್ನು ಕೊರೆದು ತೆಗೆಯುತ್ತದೆ. ಅದರ ಹಿಂದೆಯೇ ಇಳಿಯುವ ಉಳಿ ನಾಲ್ಕು ಮೂಲೆ ಕತ್ತರಿಸಿ ಚೌಕ ಮಾಡುತ್ತದೆ. ಕೊರೆದ ಚಕ್ಕೆ ಸುರುಳಿಯಲ್ಲಿ ಮೇಲೇರಿ, ಉಳಿಯ ಪಕ್ಕದಲ್ಲಿರುವ ಉದ್ದನೆಯ ಕಿಂಡಿಯಿಂದ ಹೊರಗೆ ಬೀಳುತ್ತದೆ.

ಅಂದರೆ ಮೂಲೆ ಕತ್ತರಿಸುವ ಕೆಲಸ ಮೋಟಾರಿನದ್ದಲ್ಲ, ನಿಮ್ಮ ತೋಳಿನದ್ದು. ಹಿಡಿಕೆ ಉದ್ದ ಇರುವುದು ಅದಕ್ಕೇ. ಇದನ್ನು ತಿಳಿದುಕೊಂಡರೆ ಉಳಿ ಯಾಕೆ ಸದಾ ಹರಿತ ಇರಬೇಕು ಅನ್ನುವುದೂ ತಿಳಿಯುತ್ತದೆ.

ಯಾವುದನ್ನು ಕೊಳ್ಳುವುದು

ಮನೆ ಕೆಲಸಕ್ಕೆ ಮೇಜಿನ ಮೇಲೆ ಕೂರುವ ಸಣ್ಣ ಯಂತ್ರ ಸಾಕು. ಅರ್ಧ ಎಚ್‌ಪಿ ಮೋಟಾರು, ಅಂದರೆ ಸುಮಾರು 370 ವ್ಯಾಟ್. ಮನೆಯ ಸಿಂಗಲ್ ಫೇಸ್ 230 ವೋಲ್ಟಿನಲ್ಲೇ ಓಡುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇಂಥ ಮೋಟಾರು ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತದೆ. ಈ ಕೆಲಸಕ್ಕೆ ಅದೇ ಸರಿಯಾದ ವೇಗ. ಪ್ಲಗ್ ಮೂರು ಪಿನ್ನಿನದಿರಲಿ, ಸಾಕೆಟ್ಟಿಗೆ ಅರ್ಥಿಂಗ್ ಸರಿಯಾಗಿರಲಿ.

ನಿಮ್ಮ ಹತ್ತಿರ ಈಗಾಗಲೇ ಡ್ರಿಲ್ ಪ್ರೆಸ್ ಇದ್ದರೆ ಅದಕ್ಕೆ ಹಾಕುವ ಮಾರ್ಟೈಸಿಂಗ್ ಜೋಡಣೆಯೂ ಸಿಗುತ್ತದೆ. ನಾಲ್ಕೈದು ತೂತಿಗೆ ಅದು ನಡೆಯುತ್ತದೆ. ಆದರೆ ಡ್ರಿಲ್ ಪ್ರೆಸ್ಸಿನ ಹಿಡಿಕೆ ಚಿಕ್ಕದು. ಸಾಗವಾನಿಯಲ್ಲಿ ಎಂಟು ತೂತು ತೋಡುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಪ್ರತಿ ಸಲ ಕಳಚಿ ಹಾಕುವ ಕೆಲಸ ಬೇರೆ. ವರ್ಷಕ್ಕೆ ಎರಡು ಮೂರು ಪೀಠೋಪಕರಣ ಮಾಡುವವರಾದರೆ ಬೇರೆ ಯಂತ್ರವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕೊಳ್ಳುವಾಗ ಮೂರು ವಿಷಯ ನೋಡಿ. ಮೊದಲನೆಯದು, ಕಟ್ಟಿಗೆಯನ್ನು ಕೆಳಕ್ಕೆ ಹಿಡಿಯುವ ಒತ್ತುಪಟ್ಟಿ ಗಟ್ಟಿಯಾಗಿದೆಯಾ. ಎರಡನೆಯದು, ಕಟ್ಟಿಗೆ ಆತುಕೊಳ್ಳುವ ಹಿಂದಿನ ಪಟ್ಟಿ, ಅಂದರೆ ಫೆನ್ಸ್, ಟೇಬಲ್ಲಿಗೆ ಲಂಬವಾಗಿ ನಿಲ್ಲುತ್ತದಾ. ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ: ಉಳಿಯ ಮೇಲ್ತುದಿಯ ದುಂಡನೆಯ ಭಾಗದ ಅಳತೆ. ಕೆಲವು ಯಂತ್ರಕ್ಕೆ 5/8 ಇಂಚು, ಕೆಲವಕ್ಕೆ 3/4 ಇಂಚು. ಇದನ್ನು ನೋಡದೆ ಬೇರೆ ಕಡೆಯಿಂದ ಉಳಿ ತರಿಸಿದರೆ ಕೂರುವುದಿಲ್ಲ. ಯಂತ್ರದ ಬಾಯಿ ದೊಡ್ಡದಿದ್ದು ಉಳಿ ಸಣ್ಣದಾಗಿದ್ದರೆ ನಡುವೆ ಒಂದು ಬುಶ್, ಅಂದರೆ ಸಂದು ತುಂಬುವ ಬಳೆ, ಹಾಕಬಹುದು. ಹುಬ್ಬಳ್ಳಿಯವರಿಗೆ ಇದು ಚಿಂತೆಯ ಮಾತಲ್ಲ. ಗೋಕುಲ ರೋಡಿನ ಕೈಗಾರಿಕಾ ಪ್ರದೇಶದ ಕಡೆ ಹೋದರೆ ಲೇತ್ ಕೆಲಸ ಮಾಡುವವರು ಸಿಗುತ್ತಾರೆ. ಉಳಿ, ಯಂತ್ರದ ಅಳತೆ ಎರಡನ್ನೂ ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಂಡು ಹೋಗಿ.

ಉಳಿಗಳ ಪೂರ್ತಿ ಸೆಟ್ ಬೇಕಿಲ್ಲ. 8 ಮಿ.ಮೀ. ಮತ್ತು 12 ಮಿ.ಮೀ. ಇದ್ದರೆ ಮನೆಯ ಮುಕ್ಕಾಲು ಕೆಲಸ ಆಗುತ್ತದೆ. ಇಂಚಿನ ಲೆಕ್ಕದಲ್ಲಿ ಸಿಕ್ಕರೆ 5/16 ಮತ್ತು 1/2. ಹಣ ಉಳಿದರೆ ಇನ್ನೊಂದು ಉಳಿ ಕೊಳ್ಳಬೇಡಿ, ಉಳಿ ಮಸೆಯುವ ಶಂಕುವಿನಾಕಾರದ ಡೈಮಂಡ್ ಕಲ್ಲು ಕೊಳ್ಳಿ.

ಕಟ್ಟಿಗೆ

ನಮ್ಮ ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳ, ದಾಂಡೇಲಿ ಕಡೆಯ ಕಾಡು. ಹಾಗಾಗಿ ಧಾರವಾಡದವರಿಗೆ ಸಾಗವಾನಿ ಹೊಸದಲ್ಲ. ಯಂತ್ರಕ್ಕೂ ಅದು ಹಿಡಿಸುತ್ತದೆ, ತೂತಿನ ಗೋಡೆ ನುಣ್ಣಗೆ ಬರುತ್ತದೆ. ಒಂದೇ ತೊಂದರೆ, ಸಾಗವಾನಿಯೊಳಗೆ ಸಿಲಿಕಾ ಇರುತ್ತದೆ. ಮರಳಿನ ಕಣವೇ ಅನ್ನಿ. ಉಳಿಯ ಅಂಚು ಬೇಗ ಮೊಂಡಾಗುತ್ತದೆ. ಎಂಟು ಹತ್ತು ತೂತಿಗೊಮ್ಮೆ ಮಸೆಯಲು ಸಿದ್ಧರಿರಿ.

ನವಲಗುಂದ, ನರಗುಂದ, ರೋಣದ ಎರೆ ಭೂಮಿಯವರ ಹತ್ತಿರ ಹಳೆಯ ಜಾಲಿ ಕಟ್ಟಿಗೆ ಇದ್ದೇ ಇರುತ್ತದೆ. ಗಾಡಿಗೆ, ಕುಂಟೆಗೆ ಬಳಸಿದ ಕಟ್ಟಿಗೆ ಅದು. ತುಂಬಾ ಗಟ್ಟಿ. ಸಣ್ಣ ಯಂತ್ರದಲ್ಲಿ ಜಾಲಿಗೆ ಕೈ ಹಾಕುವುದಾದರೆ 8 ಮಿ.ಮೀ. ಉಳಿಯನ್ನೇ ಬಳಸಿ, ಒಂದೊಂದು ಸಲಕ್ಕೆ 5 ಮಿ.ಮೀ.ಗಿಂತ ಜಾಸ್ತಿ ಇಳಿಸಬೇಡಿ. ಕಲಿಯಲು ಬೇವು ಒಳ್ಳೆಯದು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಕೂಡ ಆದೀತು, ಆದರೆ ಅದರ ಗೋಡೆ ನಾರು ನಾರಾಗಿ ಬರುತ್ತದೆ. ಅದು ನಿಮ್ಮ ತಪ್ಪಲ್ಲ.

ಕಟ್ಟಿಗೆ ಯಾವುದೇ ಇರಲಿ, ಒಣಗಿರಬೇಕು. ಮಳೆಗಾಲದಲ್ಲಿ ತಂದ ಹಸಿ ಕಟ್ಟಿಗೆಗೆ ಆಗಲೇ ತೂತು ತೋಡಿ ಜೋಡಿಸಿದರೆ, ಮಾರ್ಚ್-ಏಪ್ರಿಲ್ ಬಿಸಿಲಿಗೆ ನಾಲಿಗೆ ಕುಗ್ಗಿ ಸಡಿಲ ಆಗುತ್ತದೆ. ಗದಗದ ಬೇಸಿಗೆ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಕೊಯ್ಯಿಸಿದ ಕಟ್ಟಿಗೆಯನ್ನು ನಡುವೆ ಪಟ್ಟಿ ಇಟ್ಟು, ನೆರಳಲ್ಲಿ, ಗಾಳಿ ಆಡುವಂತೆ ಪೇರಿಸಿಡಿ. ಒಂದು ಬೇಸಿಗೆ ಕಳೆದ ಕಟ್ಟಿಗೆ ನನಗೆ ಧೈರ್ಯ ಕೊಡುತ್ತದೆ.

ನಾವು ಮಾಡುವ ಸ್ಟೂಲು

ಮಾತು ಗಾಳಿಯಲ್ಲಿ ಹೋಗಬಾರದು. ಒಂದು ನಿಜವಾದ ಸ್ಟೂಲಿನ ಅಳತೆ ಇಟ್ಟುಕೊಂಡೇ ಹೇಳುತ್ತೇನೆ. ನಾಲ್ಕು ಕಾಲು, ಪ್ರತಿಯೊಂದೂ 45×45 ಮಿ.ಮೀ. ದಪ್ಪ, 450 ಎತ್ತರ. ಕಾಲುಗಳನ್ನು ಮೇಲ್ಗಡೆ ಕೂಡಿಸುವ ನಾಲ್ಕು ಪಟ್ಟಿ, 70 ಅಗಲ, 22 ದಪ್ಪ. ಎರಡು ಕಾಲಿನ ನಡುವಿನ ಅಂತರ 260. ಪಟ್ಟಿಯ ಎರಡೂ ತುದಿಗೆ 23 ಮಿ.ಮೀ. ಉದ್ದದ ನಾಲಿಗೆ ಬೇಕು. ಹಾಗಾಗಿ ಪಟ್ಟಿಯನ್ನು 306ಕ್ಕೆ ಕತ್ತರಿಸಿ.

ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಸುಮಾರು ಮೂರನೇ ಒಂದು ಭಾಗ. 22ರಲ್ಲಿ ಮೂರನೇ ಒಂದು ಅಂದರೆ 7 ಚಿಲ್ಲರೆ. ನಮ್ಮ ಉಳಿ 8. ಸರಿಹೋಯಿತು. ಎರಡೂ ಬದಿಗೆ 7 ಮಿ.ಮೀ. ಭುಜ, ಅಂದರೆ ಕಾಲಿಗೆ ಆತು ನಿಲ್ಲುವ ಮೆಟ್ಟಿಲು, ಉಳಿಯುತ್ತದೆ.

ಪಟ್ಟಿ ಕಾಲಿನ ಹೊರಮುಖಕ್ಕಿಂತ 5 ಮಿ.ಮೀ. ಒಳಗೆ ಇರಲಿ, ನೋಡಲು ಚೆಂದ. ಹಾಗಾದರೆ ತೂತು ಹೊರಮುಖದಿಂದ 12 ಮಿ.ಮೀ.ಗೆ ಶುರುವಾಗಿ 20ಕ್ಕೆ ಮುಗಿಯುತ್ತದೆ. ಆಳ 25. ಈ 25 ಸುಮ್ನೆ ಹಾಕಿದ ಅಂಕಿ ಅಲ್ಲ. ಪ್ರತಿ ಕಾಲಿಗೂ ಎರಡು ಪಕ್ಕದಿಂದ ಎರಡು ತೂತು ಬರುತ್ತವೆ. 45ರ ಕಾಲಿನಲ್ಲಿ 25 ಆಳ ಹೋದರೆ ಎರಡೂ ತೂತು ಒಳಗೆ ಮೂಲೆಗೆ ಮೂಲೆ ತಾಗಿ ನಿಲ್ಲುತ್ತವೆ. ಒಂದು ಇನ್ನೊಂದರೊಳಗೆ ನುಗ್ಗುವುದಿಲ್ಲ. ಇನ್ನೂ ಆಳ ಬೇಕಾದರೆ ನಾಲಿಗೆಗಳ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಮೊದಲ ಸ್ಟೂಲಿಗೆ ಆ ಗೋಜು ಬೇಡ.

ನಾಲಿಗೆ 23, ತೂತು 25. ಉಳಿದ 2 ಮಿ.ಮೀ. ಗಮ್ಮಿಗೆ ಜಾಗ. ಅದನ್ನು ಬಿಡದಿದ್ದರೆ ಒಳಗೆ ಸಿಕ್ಕಿದ ಗಮ್ಮು ನಾಲಿಗೆಯನ್ನು ಪೂರ್ತಿ ಕೂರಲು ಬಿಡುವುದಿಲ್ಲ, ಭುಜದ ಹತ್ತಿರ ಸಂದು ಉಳಿಯುತ್ತದೆ.

ಕಾಲುಗಳನ್ನು 450ಕ್ಕೆ ಕತ್ತರಿಸಬೇಡಿ, 475 ಇಟ್ಟುಕೊಳ್ಳಿ. ಮೇಲಿನ 25 ಮಿ.ಮೀ. ಹೆಚ್ಚುವರಿ ಭಾಗ ತೂತು ತೋಡುವಾಗ ಕಾಲು ಸೀಳದಂತೆ ಕಾಯುತ್ತದೆ. ಎಲ್ಲ ಮುಗಿದ ಮೇಲೆ ಅದನ್ನು ಕತ್ತರಿಸಿ ತೆಗೆಯಿರಿ.

ಗುರುತು

ಪ್ರತಿ ಕಾಲಿನ ಎರಡು ಹೊರಮುಖ ಯಾವುವು ಅಂತ ಮೊದಲೇ ನಿರ್ಧರಿಸಿ, ಪೆನ್ಸಿಲ್ಲಿನಿಂದ ದೊಡ್ಡದಾಗಿ ಗುರುತು ಹಾಕಿ. ನಾಲ್ಕೂ ಕಾಲನ್ನು ಸ್ಟೂಲು ನಿಂತ ಹಾಗೆ ನಿಲ್ಲಿಸಿ ನೋಡಿ ಹಾಕುವುದು ಇನ್ನೂ ಒಳ್ಳೆಯದು. ತೂತು ತಪ್ಪು ಪಕ್ಕಕ್ಕೆ ಹೋಗುವುದು ಯಂತ್ರದ ತಪ್ಪಿನಿಂದಲ್ಲ, ಗುರುತು ಇಲ್ಲದ್ದರಿಂದ.

ಆಮೇಲೆ ನಾಲ್ಕೂ ಕಾಲನ್ನು ಪಕ್ಕಪಕ್ಕ ಮಲಗಿಸಿ, ತುದಿ ಸಮ ಮಾಡಿ, ಕ್ಲ್ಯಾಂಪ್ ಹಾಕಿ. ಮೂಲೆಮಟ್ಟ ಇಟ್ಟು ನಾಲ್ಕಕ್ಕೂ ಒಂದೇ ಗೀಟು ಎಳೆಯಿರಿ. ಮೊದಲ ಗೀಟು ಕಟ್ಟಿಗೆಯ ತುದಿಯಿಂದ 25 ಮಿ.ಮೀ.ಗೆ, ಅದೇ ಸ್ಟೂಲಿನ ಮೇಲ್ತುದಿ. ಅಲ್ಲಿಂದ 12 ಮಿ.ಮೀ. ಕೆಳಗೆ ತೂತಿನ ಶುರು, 62ಕ್ಕೆ ಕೊನೆ. ಅಂದರೆ ತೂತಿನ ಉದ್ದ 50. ಒಂದೊಂದೇ ಕಾಲಿಗೆ ಟೇಪ್ ಹಿಡಿದು ಅಳೆದರೆ ಅರ್ಧರ್ಧ ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ.

ಅಗಲದ ಗೀಟು ಒಂದು ಕಾಲಿಗೆ ಮಾತ್ರ ಸಾಕು. ಉಳಿದವನ್ನು ಫೆನ್ಸ್ ನೋಡಿಕೊಳ್ಳುತ್ತದೆ.

ಯಂತ್ರ ಹೊಂದಿಸುವುದು

ಯಂತ್ರವನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಮೇಜಿಗೆ ತೂತು ಮಾಡಲು ಮನಸ್ಸಿಲ್ಲದಿದ್ದರೆ 18 ಮಿ.ಮೀ. ಪ್ಲೈವುಡ್ ಹಲಗೆಗೆ ಯಂತ್ರ ಕೂರಿಸಿ, ಹಲಗೆಯನ್ನು ಮೇಜಿಗೆ ಎರಡು ಕ್ಲ್ಯಾಂಪ್ ಹಾಕಿ ಹಿಡಿಸಿ. ಸುಮ್ನೆ ಇಟ್ಟು ಹಿಡಿಕೆ ಎಳೆದರೆ ಯಂತ್ರ ಮುಂದಕ್ಕೆ ವಾಲುತ್ತದೆ. ಮುಂದಿನ ಕೆಲಸ ಪೂರ್ತಿ ಪ್ಲಗ್ ತೆಗೆದೇ ಮಾಡಿ. ಸ್ವಿಚ್ ಆಫ್ ಇದ್ದರೆ ಸಾಲದು.

ಮೊದಲು ಬಿಟ್ ಮತ್ತು ಉಳಿಯ ನಡುವಿನ ಅಂತರ. ನಾನು ಮೊದಲ ತಿಂಗಳು ಇಲ್ಲೇ ಎಡವಿದೆ. ಬಿಟ್ಟನ್ನು ಉಳಿಯ ಬಾಯಿಗೆ ತಾಗುವಂತೆ ಮೇಲಕ್ಕೆ ಎಳೆದು ಚಕ್, ಅಂದರೆ ಬಿಟ್ ಹಿಡಿಯುವ ಬಾಯಿ, ಬಿಗಿ ಮಾಡಿದ್ದೆ. ಎರಡನೇ ತೂತಿಗೆ ಕಿರ್ ಅಂತ ಸದ್ದು ಬಂತು, ಮೂರನೆಯದಕ್ಕೆ ಹೊಗೆ. ಬಿಚ್ಚಿ ನೋಡಿದರೆ ಉಳಿಯ ತುದಿ ನೀಲಿಯಾಗಿತ್ತು. ಉಕ್ಕು ನೀಲಿಯಾದರೆ ಅದರ ಹದ ಹೋಯಿತು ಅಂತಲೇ ಅರ್ಥ. ಆಮೇಲೆ ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ. ಆ ಉಳಿಯನ್ನು ನಾನು ಬಿಸಾಡಬೇಕಾಯಿತು. ಉಕ್ಕಿಗೆ ಉಕ್ಕು ಉಜ್ಜಿ ಆದ ಕೆಲಸ ಅದು.

ಬಿಟ್ಟಿನ ತುದಿ ಉಳಿಯ ಬಾಯಿಗಿಂತ ಸ್ವಲ್ಪ ಕೆಳಗೆ ಇರಬೇಕು. ಸಣ್ಣ ಉಳಿಗೆ ಒಂದೂವರೆ ಮಿ.ಮೀ., 12 ಮಿ.ಮೀ. ಉಳಿಗೆ 2. ಒಂದು ರೂಪಾಯಿ ನಾಣ್ಯದ ದಪ್ಪ ಸುಮಾರು ಒಂದೂವರೆ ಮಿ.ಮೀ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಹೀಗೆ: ಉಳಿಯನ್ನು ಯಂತ್ರದ ಬಾಯಿಗೆ ತಳ್ಳಿ. ಆದರೆ ಉಳಿಯ ಭುಜ (ದುಂಡನೆಯ ಭಾಗದ ಕೆಳಗಿನ ಮೆಟ್ಟಿಲು) ಮತ್ತು ಯಂತ್ರದ ನಡುವೆ ಆ ನಾಣ್ಯ ಇಟ್ಟು, ಉಳಿಯ ಸ್ಕ್ರೂ ಬಿಗಿಯಿರಿ. ಈಗ ಕೆಳಗಿನಿಂದ ಬಿಟ್ಟನ್ನು ಮೇಲಕ್ಕೆ ತಳ್ಳಿ. ಅದರ ತುದಿ ಉಳಿಯ ಬಾಯಿಗೆ ತಾಗಿ ನಿಂತಾಗ ಚಕ್ ಬಿಗಿ ಮಾಡಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ನಾಲ್ಕೂ ಅಂಚು ಹರಿತ. ಆಮೇಲೆ ಉಳಿಯ ಸ್ಕ್ರೂ ಸಡಿಲಿಸಿ, ನಾಣ್ಯ ತೆಗೆದು, ಉಳಿಯನ್ನು ಭುಜದ ತನಕ ಮೇಲಕ್ಕೆ ತಳ್ಳಿ ಮತ್ತೆ ಬಿಗಿಯಿರಿ. ಉಳಿ ಒಂದೂವರೆ ಮಿ.ಮೀ. ಮೇಲೆ ಹೋಯಿತು, ಬಿಟ್ ಇದ್ದಲ್ಲೇ ಉಳಿಯಿತು. ಬೇಕಾದ ಅಂತರ ತಾನಾಗಿಯೇ ಬಂತು. ಚಕ್ಕಿನ ಕೀಲಿ ತೆಗೆದಿಟ್ಟು, ಬಿಟ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲೂ ಉಜ್ಜಬಾರದು.

ಅಂತರ ಜಾಸ್ತಿ ಆದರೂ ಕಷ್ಟವೇ. ಬಿಟ್ ಮುಂದೆ ಮುಂದೆ ಹೋಗುತ್ತದೆ, ಉಳಿ ಕತ್ತರಿಸಿದ ಮೂಲೆಯ ಚೂರು ದೊಡ್ಡದಾಗಿ ಬಂದು ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಉಳಿಯ ಕಿಂಡಿ ಎಡಕ್ಕೋ ಬಲಕ್ಕೋ ಮುಖ ಮಾಡಿರಲಿ. ನಿಮ್ಮ ಕಡೆಗೂ ಬೇಡ, ಫೆನ್ಸ್ ಕಡೆಗೂ ಬೇಡ. ಕಟ್ಟಿಗೆ ಎಡಬಲಕ್ಕೆ ಸರಿಯುವುದರಿಂದ, ಕಿಂಡಿ ಆ ಕಡೆ ಇದ್ದರೆ ಚಕ್ಕೆ ಈಗಾಗಲೇ ತೋಡಿದ ಖಾಲಿ ಜಾಗಕ್ಕೆ ಬೀಳುತ್ತದೆ. ಹಿಂದೆ ಮುಂದೆ ಇದ್ದರೆ ತೂತಿನ ಗೋಡೆ ಕಿಂಡಿಯನ್ನು ಮುಚ್ಚುತ್ತದೆ, ಚಕ್ಕೆ ಒಳಗೇ ಬಿಸಿಯಾಗುತ್ತದೆ.

ಮೂರನೆಯದು, ಉಳಿ ಫೆನ್ಸಿಗೆ ಸಮಾನಾಂತರ ಇರಬೇಕು. ಉಳಿಯ ಮೇಲ್ತುದಿ ದುಂಡಗಿರುವುದರಿಂದ ಅದು ಯಾವ ಕೋನದಲ್ಲಾದರೂ ಕೂರುತ್ತದೆ. ಒಂದೇ ಒಂದು ಡಿಗ್ರಿ ತಿರುಗಿದ್ದರೂ ತೂತಿನ ಗೋಡೆ ಗರಗಸದ ಹಲ್ಲಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೂಲೆಮಟ್ಟದ ಹಿಡಿಯನ್ನು ಫೆನ್ಸಿಗೆ ಒತ್ತಿ, ಅಲಗನ್ನು ಉಳಿಯ ಪಕ್ಕಕ್ಕೆ ತಾಗಿಸಿ. ಹಿಂದೆ ಒಂದು ಬೆಳಕು ಇಡಿ, ಮೊಬೈಲ್ ಟಾರ್ಚ್ ಸಾಕು. ಬೆಳಕಿನ ಗೆರೆ ಉಳಿಯ ಹಿಂದಿನ ಮೂಲೆಯಿಂದ ಮುಂದಿನ ಮೂಲೆ ತನಕ ಒಂದೇ ಸಮ ಕಾಣಬೇಕು. ಉಳಿಯನ್ನು ತಿರುಗಿಸಿ ಸರಿಮಾಡಿ, ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ನೋಡಿ. ಬಿಗಿಯುವಾಗ ಅದು ಸ್ವಲ್ಪ ತಿರುಗುವ ಸ್ವಭಾವ ಇದೆ.

ಈಗ ಫೆನ್ಸನ್ನು ಉಳಿಯಿಂದ 12 ಮಿ.ಮೀ. ದೂರಕ್ಕೆ ತನ್ನಿ. ಸ್ಕೇಲ್ ನಂಬುವುದಕ್ಕಿಂತ, ಅಗಲದ ಗೀಟು ಹಾಕಿದ ಕಾಲನ್ನೇ ಇಟ್ಟು, ಉಳಿಯನ್ನು ಗೀಟಿನ ತನಕ ಇಳಿಸಿ ಹೊಂದಿಸುವುದು ಖಾತ್ರಿ. ಆಳಕ್ಕೆ ಕಾಲಿನ ತುದಿಯ ಮೇಲೆ 25 ಮಿ.ಮೀ. ಗೀಟು ಹಾಕಿ, ಉಳಿಯನ್ನು ಕಾಲಿನ ಪಕ್ಕದಲ್ಲಿ ಇಳಿಸಿ, ಉಳಿಯ ಮೂಲೆ ಗೀಟಿಗೆ ಬಂದಾಗ ಡೆಪ್ತ್ ಸ್ಟಾಪ್, ಅಂದರೆ ಉಳಿ ಇನ್ನೂ ಕೆಳಗೆ ಹೋಗದಂತೆ ತಡೆಯುವ ಭಾಗ, ಬಿಗಿಯಿರಿ. ಬಿಟ್ಟಿನ ತುದಿ ಇದಕ್ಕಿಂತ ಒಂದೆರಡು ಮಿ.ಮೀ. ಕೆಳಗೆ ಹೋಗುತ್ತದೆ ಅನ್ನುವುದು ನೆನಪಿರಲಿ.

ಕೊನೆಗೆ ಒತ್ತುಪಟ್ಟಿ. ತೂತಿನಿಂದ ಉಳಿ ಮೇಲೇಳುವಾಗ ಕಟ್ಟಿಗೆಯನ್ನೂ ಜೊತೆಗೆ ಎತ್ತುತ್ತದೆ. ಅದನ್ನು ತಡೆಯುವುದು ಈ ಪಟ್ಟಿಯ ಕೆಲಸ. ಕಟ್ಟಿಗೆ ಕೆಳಗೆ ಸರಿದಾಡುವಷ್ಟು ಜಾಗ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಬಹಳಷ್ಟು ಸಣ್ಣ ಯಂತ್ರಗಳಲ್ಲಿ ಕಟ್ಟಿಗೆಯನ್ನು ಫೆನ್ಸಿಗೆ ಒತ್ತಿ ಹಿಡಿಯುವ ವ್ಯವಸ್ಥೆ ಇರುವುದಿಲ್ಲ. ನಾನು ಮುಂದಿನಿಂದ ಒಂದು ಸಣ್ಣ ಹಲಗೆ ತಾಗಿಸಿ, ಅದನ್ನು ಟೇಬಲ್ಲಿಗೆ ಕ್ಲ್ಯಾಂಪ್ ಹಾಕುತ್ತೇನೆ. ಕಾಲು ಎರಡರ ನಡುವೆ ಹಳಿಯ ಮೇಲೆ ಹೋದ ಹಾಗೆ ಜಾರುತ್ತದೆ.

ಪ್ಲಗ್ ಹಾಕಿ, ಚೂರು ಕಟ್ಟಿಗೆಯಲ್ಲಿ ಪಕ್ಕಪಕ್ಕ ಎರಡು ಸಲ ಇಳಿಸಿ. ಗೋಡೆಯ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಉಳಿ ತಿರುಗಿದೆ. ಆ ತೂತಿಗೆ ಮೂಲೆಮಟ್ಟದ ಅಲಗು ಇಳಿಸಿ ಗೋಡೆ ಲಂಬವಾಗಿದೆಯಾ ನೋಡಿ. ಓರೆ ಇದ್ದರೆ ಟೇಬಲ್ ಕೆಳಗೆ ದಪ್ಪ ಕಾಗದದ ತುಂಡು ಸೇರಿಸಿ ಸರಿಮಾಡಬಹುದು.

ತೋಡುವುದು

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಸಾಗವಾನಿ ಹೊಟ್ಟು ಕೆಲವರಿಗೆ ಮೈ ತುರಿಕೆ, ಸೀನು ತರುತ್ತದೆ. ಕೈಗವಸು ಹಾಕಬೇಡಿ. ಕೈ ಬಳೆ, ಸಡಿಲ ತೋಳು, ಓಡಣಿ, ಲುಂಗಿಯ ತುದಿ ಯಾವುದೂ ತಿರುಗುವ ಬಿಟ್ಟಿನ ಹತ್ತಿರ ಬರಬಾರದು. ಕಿಂಡಿಯಿಂದ ಬೀಳುವ ಚಕ್ಕೆ ಸುಡುತ್ತದೆ, ಬೆರಳಿನಿಂದ ತೆಗೆಯಬೇಡಿ. ಬ್ರಶ್ ಇಟ್ಟುಕೊಳ್ಳಿ, ಅದನ್ನೂ ಯಂತ್ರ ನಿಂತ ಮೇಲೆ ಬಳಸಿ.

ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ತೋಡುತ್ತಾ ಹೋಗಬೇಕು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಉಳಿಯ ಒಂದು ಪಕ್ಕ ಖಾಲಿ, ಇನ್ನೊಂದು ಪಕ್ಕ ಗಟ್ಟಿ ಕಟ್ಟಿಗೆ ಇದ್ದರೆ ಉಳಿ ಖಾಲಿ ಕಡೆಗೆ ವಾಲುತ್ತದೆ. ಸಣ್ಣ ಉಳಿಗಳು ಬಾಗುತ್ತವೆ, ಕೆಲವು ಸೀಳಿಯೂ ಹೋಗುತ್ತವೆ.

ಮೊದಲು ಎರಡು ತುದಿ ತೋಡಿ. ನಮ್ಮ 50 ಮಿ.ಮೀ. ತೂತಿನಲ್ಲಿ ಮೊದಲ ಇಳಿತ 0ಯಿಂದ 8, ಎರಡನೆಯದು 42ರಿಂದ 50. ನಡುವೆ 34 ಮಿ.ಮೀ. ಉಳಿಯಿತು. ಅದರಲ್ಲಿ 14ರಿಂದ 22ಕ್ಕೆ ಒಂದು, 28ರಿಂದ 36ಕ್ಕೆ ಇನ್ನೊಂದು. ಈಗ ನಾಲ್ಕು ಚೌಕ ತೂತು, ಅವುಗಳ ನಡುವೆ 6 ಮಿ.ಮೀ. ದಪ್ಪದ ಮೂರು ಗೋಡೆ. ಈ ಗೋಡೆಗಳ ನಡುಮಧ್ಯಕ್ಕೆ ಉಳಿ ಇಳಿಸಿ ಒಂದೊಂದನ್ನೇ ತೆಗೆಯಿರಿ. ಗೋಡೆ 6, ಉಳಿ 8. ಹಾಗಾಗಿ ಎರಡೂ ಪಕ್ಕ ಸಮನಾಗಿ ಖಾಲಿ ಇರುತ್ತದೆ, ಉಳಿ ನೇರವಾಗಿ ಇಳಿಯುತ್ತದೆ. ಒಂದು ತೂತಿಗೆ ಏಳು ಇಳಿತ, ಎಂಟು ತೂತಿಗೆ 56.

ಪ್ರತಿ ಸಲವೂ ಕಾಲಿನ ಹೊರಮುಖವೇ ಫೆನ್ಸಿಗೆ ತಾಗಿರಬೇಕು. ದೊಡ್ಡದಾಗಿ ಗುರುತು ಹಾಕಿದ್ದು ಇದಕ್ಕೇ. ಎರಡೂ ಪಕ್ಕದ ತೂತಿಗೆ ಫೆನ್ಸ್ ಒಂದೇ ಜಾಗದಲ್ಲಿ ಇರುತ್ತದೆ, ಕಾಲನ್ನಷ್ಟೇ ತಿರುಗಿಸಿ ಇಡಿ. ಎಂಟು ತೂತೂ ಮುಗಿಯುವ ತನಕ ಫೆನ್ಸ್ ಮುಟ್ಟಬೇಡಿ.

ಇಳಿಸುವ ಹದ ಕೈಗೆ ಬರಬೇಕು. ಸುಮಾರು 8-10 ಮಿ.ಮೀ. ಒತ್ತಿ, ಸ್ವಲ್ಪ ಎತ್ತಿ, ಚಕ್ಕೆ ಹೊರಬೀಳಲು ಬಿಟ್ಟು, ಮತ್ತೆ ಒತ್ತಿ. ಜೋರು ಮಾಡಿದರೆ ಮೋಟಾರು ಮುಲುಗುತ್ತದೆ. ಹೆದರಿಕೊಂಡು ತೀರಾ ನಿಧಾನ ಮಾಡಿದರೂ ತಪ್ಪೇ, ಬಿಟ್ ಕೊರೆಯದೆ ಒಂದೇ ಜಾಗದಲ್ಲಿ ಉಜ್ಜಿ ಬಿಸಿಯಾಗುತ್ತದೆ. ನಮ್ಮ ಓಣಿಯ ಬಡಿಗೇರ ಕಾಕಾ ಮೊದಲ ದಿನ ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿ ಬರೇ ಕೇಳುತ್ತಿದ್ದರು. "ತಮ್ಮಾ, ಸಪ್ಪಳ ಬದಲಾತು ನೋಡು, ಎತ್ತು" ಅನ್ನುತ್ತಿದ್ದರು. ಅವರು ಹೇಳಿದ್ದು ಸರಿ. ಚಕ್ಕೆ ತುಂಬಿದಾಗ ಸದ್ದು ದಪ್ಪ ಆಗುತ್ತದೆ. ಹೊಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ.

ಹೊಗೆ ಬಂದೇ ಬಿಟ್ಟರೆ ಉಳಿಯನ್ನು ಕೂಡಲೇ ಮೇಲೆತ್ತಿ, ಯಂತ್ರ ನಿಲ್ಲಿಸಿ. ತಣ್ಣಗಾಗಲು ಬಿಡಿ, ನೀರು ಹಾಕಬೇಡಿ. ಮೊದಲು ಕಿಂಡಿ ಕಟ್ಟಿದೆಯಾ ನೋಡಿ, ಆಮೇಲೆ ಬಿಟ್‌-ಉಳಿ ಅಂತರ, ಕೊನೆಗೆ ಹರಿತ. ಉಳಿ ಕಟ್ಟಿಗೆಯಲ್ಲಿ ಸಿಕ್ಕಿಬಿದ್ದರೆ ಕಟ್ಟಿಗೆ ಹಿಡಿದು ಜಗ್ಗಬೇಡಿ. ಮೋಟಾರು ನಿಲ್ಲಿಸಿ, ಒತ್ತುಪಟ್ಟಿ ಬಿಗಿ ಮಾಡಿ, ಹಿಡಿಕೆಯಿಂದಲೇ ನಿಧಾನ ಮೇಲೆತ್ತಿ. ಬಹುತೇಕ ಸಲ ಇದಕ್ಕೆ ಕಾರಣ ಉಳಿಯ ಹೊರಮೈ ಒರಟಾಗಿರುವುದು. ಅದನ್ನು ಮಸೆಯುವಾಗ ಸರಿಮಾಡಬಹುದು.

ಬಾಗಿಲು ಚೌಕಟ್ಟಿನಂಥ ಕೆಲಸಕ್ಕೆ ತೂತು ಆರುಪಾರು ಬೇಕಾಗುತ್ತದೆ. ಒಂದೇ ಕಡೆಯಿಂದ ತೋಡಿದರೆ ಇನ್ನೊಂದು ಮುಖದಲ್ಲಿ ಚೂರು ಕಿತ್ತು ಬರುತ್ತದೆ. ಎರಡೂ ಮುಖಕ್ಕೆ ಗುರುತು ಹಾಕಿ, ಅರ್ಧ ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ತೋಡಿ. ಕಟ್ಟಿಗೆ ಮಗುಚುವಾಗ ಫೆನ್ಸಿಗೆ ತಾಗಿದ್ದ ಮುಖವೇ ಮತ್ತೆ ಫೆನ್ಸಿಗೆ ತಾಗಲಿ.

ನಾಲಿಗೆ, ಮತ್ತು ಕೂಡಿಸುವುದು

ತೂತು ಮೊದಲು, ನಾಲಿಗೆ ಆಮೇಲೆ. ಈ ಕ್ರಮ ಬದಲಿಸಬೇಡಿ. ತೂತಿನ ಅಗಲ ಉಳಿ ಕೊಟ್ಟಷ್ಟೇ, ಅದನ್ನು ಕೂದಲಿನಷ್ಟು ತಿದ್ದಲು ಆಗುವುದಿಲ್ಲ. ನಾಲಿಗೆಯನ್ನು ತಿದ್ದಬಹುದು. ಗರಗಸದಲ್ಲಿ ಗೀಟಿನ ಹೊರಗೆ ಕತ್ತರಿಸಿ, 8 ಮಿ.ಮೀ.ಗಿಂತ ಚೂರು ದಪ್ಪವೇ ಇಟ್ಟುಕೊಳ್ಳಿ. ಆಮೇಲೆ ಅಗಲವಾದ ಉಳಿಯಿಂದ ಎರಡೂ ಕಡೆ ತೆಳ್ಳಗೆ ಕೆತ್ತುತ್ತಾ, ಪ್ರತಿ ಸಲ ತೂತಿಗೆ ಹಚ್ಚಿ ನೋಡಿ. ಎತ್ತರದಲ್ಲಿ ಮೇಲಿನಿಂದ 12, ಕೆಳಗಿನಿಂದ 8 ಮಿ.ಮೀ. ಕತ್ತರಿಸಿದರೆ ನಾಲಿಗೆ 50 ಉಳಿಯುತ್ತದೆ.

ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಕೊಡತಿಯ ಎರಡು ಮೆಲ್ಲನೆಯ ಏಟಿಗೆ ಪೂರ್ತಿ ಕೂರಬೇಕು. ಅದೇ ಹದ. ತಾನಾಗಿ ಜಾರಿ ಬಿದ್ದರೆ ಸಡಿಲ. ಬಿಳಿ ಗಮ್ಮು ಸಂದು ತುಂಬುವ ವಸ್ತು ಅಲ್ಲ. ಅದೇ ಕಟ್ಟಿಗೆಯ ತೆಳು ಹೊರೆ ನಾಲಿಗೆಗೆ ಅಂಟಿಸಿ, ಒಣಗಿದ ಮೇಲೆ ಮತ್ತೆ ಕೆತ್ತಿ. ಕೊಡತಿಯಿಂದ ಜೋರಾಗಿ ಬಡಿದು ಕೂರಿಸಿದರೆ ಕಾಲು ಸೀಳುತ್ತದೆ, ಇವತ್ತಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ. ಪ್ರತಿ ನಾಲಿಗೆಗೂ ಅದರ ತೂತಿಗೂ ಒಂದೇ ನಂಬರು ಬರೆಯಿರಿ.

ಗಮ್ಮಿಲ್ಲದೆ ಪೂರ್ತಿ ಸ್ಟೂಲು ಒಮ್ಮೆ ಕೂಡಿಸಿ ನೋಡಿ. ಆಮೇಲೆ ಗಮ್ಮು ಹಚ್ಚಿ, ತೂತಿನ ಗೋಡೆಗೆ ತೆಳ್ಳಗೆ, ನಾಲಿಗೆಗೂ ತೆಳ್ಳಗೆ. ಮೊದಲ ದಿನ ಎರಡೆರಡು ಕಾಲು, ಒಂದೊಂದು ಪಟ್ಟಿ. ಎರಡು ಹೆಚ್ ಆಕಾರದ ಜೋಡಿ ಸಿಗುತ್ತವೆ. ಮರುದಿನ ಅವುಗಳನ್ನು ಉಳಿದ ಎರಡು ಪಟ್ಟಿಯಿಂದ ಕೂಡಿಸಿ. ಕ್ಲ್ಯಾಂಪ್ ಬಿಗಿದ ಕೂಡಲೇ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಅಳತೆ ಒಂದೇ ಇದ್ದರೆ ಸ್ಟೂಲು ಚೌಕವಾಗಿದೆ. ಇಲ್ಲದಿದ್ದರೆ ಉದ್ದ ಇರುವ ಮೂಲೆಗಳ ನಡುವೆ ಇನ್ನೊಂದು ಕ್ಲ್ಯಾಂಪ್ ಹಾಕಿ ಸ್ವಲ್ಪ ಎಳೆಯಿರಿ. ಹೊರಬಂದ ಗಮ್ಮನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ, ಒಣಗಿದ ಗಮ್ಮಿನ ಮೇಲೆ ಪಾಲಿಶ್ ಹಿಡಿಯುವುದಿಲ್ಲ. ಒಂದು ರಾತ್ರಿ ಬಿಟ್ಟು, ಕಾಲುಗಳ ಮೇಲಿನ 25 ಮಿ.ಮೀ. ಕತ್ತರಿಸಿ, 380×380ರ ಹಲಗೆ ಕೂರಿಸಿ.

ಉಳಿ ಮಸೆಯುವುದು

ಹೊಸ ಉಳಿಯನ್ನು ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸಬೇಡಿ. ಬಹಳಷ್ಟು ಒರಟಾಗಿಯೇ ಬರುತ್ತವೆ. ನಾಲ್ಕೂ ಹೊರಮೈಯನ್ನು 1000 ಗ್ರಿಟ್ ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಐದಾರು ಸಲ ಉಜ್ಜಿ, ಹೊಳಪು ಬಂದರೆ ಸಾಕು. ಜಾಸ್ತಿ ಉಜ್ಜಿದರೆ ಉಳಿಯ ಅಳತೆಯೇ ಕಡಿಮೆ ಆಗುತ್ತದೆ.

ಹರಿತ ಮಾಡುವುದು ಒಳಗಿನಿಂದ. ಶಂಕುವಿನಾಕಾರದ ಕಲ್ಲನ್ನು ಉಳಿಯ ಬಾಯಿಗೆ ಇಟ್ಟು, ಕೈಯಿಂದಲೇ ಹತ್ತು ಹನ್ನೆರಡು ಸುತ್ತು ತಿರುಗಿಸಿ. ಅಂಚಿನ ಹೊರಗೆ ಏಳುವ ಸಣ್ಣ ಮುಳ್ಳನ್ನು ಚಪ್ಪಟೆ ಕಲ್ಲಿನ ಮೇಲೆ ಒಂದೇ ಒಂದು ಸಲ ಎಳೆದು ತೆಗೆಯಿರಿ. ಬಿಟ್ಟಿಗೆ ಸಣ್ಣ ಸೂಜಿ ಅರ ಬೇಕು. ಕತ್ತರಿಸುವ ಅಂಚನ್ನೂ ಹೊರ ಹಲ್ಲಿನ ಒಳಮೈಯನ್ನೂ ಮಾತ್ರ ಉಜ್ಜಿ. ಹಲ್ಲಿನ ಹೊರಮೈ ಮುಟ್ಟಿದರೆ ಬಿಟ್ ಕೊರೆಯುವ ತೂತು ಚಿಕ್ಕದಾಗಿ, ಉಳಿಯ ಮೇಲೆ ಭಾರ ಬೀಳುತ್ತದೆ.

ಕಾರಹುಣ್ಣಿಮೆ ಹೊತ್ತಿಗೆ ಧಾರವಾಡದ ಗಾಳಿಯಲ್ಲಿ ತೇವ ಬಂದುಬಿಡುತ್ತದೆ. ಉಳಿಯ ಒಳಗಿನ ಟೊಳ್ಳಿಗೆ ತುಕ್ಕು ಹಿಡಿದರೆ ಹೊರಗಿನಿಂದ ಕಾಣುವುದಿಲ್ಲ. ಕೆಲಸ ಮುಗಿದ ಕೂಡಲೇ ಬಿಟ್ ಮತ್ತು ಉಳಿ ಬೇರೆ ಮಾಡಿ, ಕಿಂಡಿಯಲ್ಲಿ ಉಳಿದ ಹೊಟ್ಟು ತೆಗೆಯಿರಿ. ಒಳಗೆ ಹೊರಗೆ ಮಶೀನ್ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಡಿ. ದೀಪಾವಳಿ ತನಕ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಯಂತ್ರದ ಕಂಬಕ್ಕೂ ಟೇಬಲ್ಲಿಗೂ ಅದೇ ಎಣ್ಣೆ ಬಟ್ಟೆಯಿಂದ ಒಮ್ಮೆ ಕೈ ಆಡಿಸಿ.